ಆಸ್ಪತ್ರೆಯ ಡ್ಯೂಟಿಯೋ, ಮನೆಯ ಪೇಶಂಟೋ? ಶುಶ್ರೂಷಾ ಸಹಾಯಕಿಯರ ಮುಂದಿರುವ ಕವಲುದಾರಿ

ಮುಂಬಯಿ: ಡೊಂಬಿವಲಿ ಪೂರ್ವದ ರೂಮ್-ಕಿಚನ್ ಮನೆಯೊಂದರ ಗೋಡೆಯಲ್ಲಿ ಈಗ ಹೊಸ ಪ್ರಮಾಣಪತ್ರವೊಂದು ತೂಗುತ್ತಿದೆ. ಜನರಲ್ ಡ್ಯೂಟಿ ಅಸಿಸ್ಟೆಂಟ್, ಅಂದರೆ ಶುಶ್ರೂಷಾ ಸಹಾಯಕಿಯ ತರಬೇತಿ ಮುಗಿಸಿದ್ದಕ್ಕೆ ದೊರೆತ ಪತ್ರ ಅದು. ಕಾರ್ಕಳ ಕಡೆಯಿಂದ ಮದುವೆಯಾಗಿ ಮಹಾನಗರಕ್ಕೆ ಬಂದ, ಮೂವತ್ತಾರರ ಹರೆಯದ ಗೃಹಿಣಿಯ ಹೆಸರು ಅದರಲ್ಲಿದೆ. ಪತಿ ಫೋರ್ಟ್ ಪರಿಸರದ ಕ್ಯಾಂಟೀನೊಂದರಲ್ಲಿ ಕೆಲಸಕ್ಕಿದ್ದರು. 2020ರ ಲಾಕ್‌ಡೌನ್‌ನಲ್ಲಿ ಬಾಗಿಲು ಹಾಕಿದ ಆ ಕ್ಯಾಂಟೀನು ಮತ್ತೆ ತೆರೆಯಲಿಲ್ಲ. ಅಂದಿನಿಂದ ಅವರದು ಸಿಕ್ಕಿದಲ್ಲಿ ಸಿಕ್ಕಿದಷ್ಟು ದಿನದ ದುಡಿಮೆ. ಮಗಳು ಒಂಬತ್ತನೇ ತರಗತಿ. ಬಾಡಿಗೆ, ಶಾಲೆಯ ಫೀಸು, ಊರಿನಲ್ಲಿರುವ ಅತ್ತೆಯ ಔಷಧಿ ಎಲ್ಲವೂ ಈಗ ಈ ಪತ್ರದ ಮೇಲೆ ನಿಂತಿವೆ.

ಆಕೆಯ ಕೈಯಲ್ಲಿ ಎರಡು ಅವಕಾಶಗಳಿವೆ. ಒಂದು, ಥಾಣೆಯ ಖಾಸಗಿ ಆಸ್ಪತ್ರೆಯ ವಾರ್ಡಿನಲ್ಲಿ ಕೆಲಸ. ಪಾಳಿಯ ಡ್ಯೂಟಿ, ಪಿಎಫ್, ಇಎಸ್‌ಐ. ಇನ್ನೊಂದು, ಬ್ಯೂರೋ ಮೂಲಕ ಮುಲುಂಡ್‌ನ ಮನೆಯೊಂದರಲ್ಲಿ ಪಾರ್ಶ್ವವಾಯು ಪೀಡಿತ ಹಿರಿಯರ ಆರೈಕೆ. ಹನ್ನೆರಡು ಗಂಟೆಯ ಡ್ಯೂಟಿ, ದಿನಕ್ಕಿಷ್ಟು ಎಂಬ ಲೆಕ್ಕ. ಬ್ಯೂರೋದವರು ಹೇಳಿದ ಮೊತ್ತ ಆಸ್ಪತ್ರೆಯ ಸಂಬಳಕ್ಕಿಂತ ಹೆಚ್ಚು. ನೆರೆಕರೆಯವರೆಲ್ಲ ಮನೆಯ ಪೇಶಂಟೇ ವಾಸಿ ಎಂದರು. ಮಗಳು ಮಾತ್ರ, "ಅಮ್ಮಾ, ರಾತ್ರಿ ಅವರಿಗೆ ಏನಾದರೂ ಆದರೆ ನೀನೊಬ್ಬಳೇ ಏನು ಮಾಡುತ್ತೀ?" ಎಂದು ಕೇಳಿದಳು. ಆ ಪ್ರಶ್ನೆಗೆ ಆ ದಿನ ಮನೆಯಲ್ಲಿ ಯಾರಲ್ಲೂ ಉತ್ತರವಿರಲಿಲ್ಲ.

ಇದು ಒಂದು ಮನೆಯ ಕಥೆಯಲ್ಲ. ಹೊಟೇಲು, ಕ್ಯಾಂಟೀನು, ಸಣ್ಣ ಕಾರ್ಖಾನೆಗಳನ್ನು ನಂಬಿ ಬದುಕು ಕಟ್ಟಿಕೊಂಡ ಎಷ್ಟೋ ಕನ್ನಡಿಗ ಕುಟುಂಬಗಳಲ್ಲಿ ಇಂದು ಮನೆಯ ಹೆಣ್ಣುಮಕ್ಕಳು ದುಡಿಮೆಗೆ ಹೊರಟಿದ್ದಾರೆ. ಹತ್ತನೇ ತರಗತಿಯವರೆಗೆ ಕಲಿತವರಿಗೆ ಕೆಲವೇ ತಿಂಗಳ ತರಬೇತಿಯಲ್ಲಿ ತೆರೆದುಕೊಳ್ಳುವ ಕೆಲವೇ ಬಾಗಿಲುಗಳಲ್ಲಿ ಶುಶ್ರೂಷೆಯೂ ಒಂದು. ಆ ಬಾಗಿಲು ದಾಟಿದೊಡನೆ ದಾರಿ ಎರಡಾಗುತ್ತದೆ. ಯಾವುದನ್ನು ಹಿಡಿಯಬೇಕು ಎಂಬುದನ್ನು ಬರೀ ದಿನಗೂಲಿ ನೋಡಿ ನಿರ್ಧರಿಸಿದರೆ ಕಷ್ಟ.

ಸಹಾಯಕಿ ಯಾರು, ನರ್ಸ್ ಯಾರು?

ಮೊದಲು ಒಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ಬಿಳಿ ಕೋಟು ತೊಟ್ಟವರನ್ನೆಲ್ಲ ಜನ ಸಿಸ್ಟರ್ ಎಂದೇ ಕರೆಯುತ್ತಾರೆ. ಆದರೆ ನರ್ಸ್ ಎನ್ನಿಸಿಕೊಳ್ಳಬೇಕಾದರೆ ಎರಡು ವರ್ಷದ ಎಎನ್‌ಎಂ, ಮೂರು ವರ್ಷದ ಜಿಎನ್‌ಎಂ ಅಥವಾ ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್ ಮುಗಿಸಿ ರಾಜ್ಯದ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಆಗಿರಬೇಕು. ಶುಶ್ರೂಷಾ ಸಹಾಯಕಿಗೆ ಆ ನೋಂದಣಿ ಇಲ್ಲ. ಹತ್ತು ವರ್ಷ ದುಡಿದರೂ ಅನುಭವದ ಬಲದಿಂದಲೇ ಆಕೆ ನರ್ಸ್ ಆಗುವುದಿಲ್ಲ.

ಆಕೆಯ ಕೆಲಸವೇ ಬೇರೆ. ರೋಗಿಯ ಮೈ ಒರೆಸುವುದು, ಹಾಸಿಗೆ ಬದಲಿಸುವುದು, ಬೆಡ್‌ಪ್ಯಾನ್ ಕೊಡುವುದು, ಊಟ ಮಾಡಿಸುವುದು, ಮಗ್ಗುಲು ಬದಲಿಸುವುದು, ನಡೆಸುವುದು, ಜ್ವರ ಮತ್ತು ನಾಡಿ ನೋಡಿ ಬರೆದಿಡುವುದು, ಏನಾದರೂ ವ್ಯತ್ಯಾಸ ಕಂಡರೆ ನರ್ಸಿಗೆ ತಿಳಿಸುವುದು. ಇಂಜೆಕ್ಷನ್ ಕೊಡುವುದು, ಸಲೈನ್ ಹಚ್ಚುವುದು, ಮೂಗಿನ ನಳಿಕೆ ತೂರಿಸುವುದು ಆಕೆಯ ಕೆಲಸವಲ್ಲ.

ಆರೋಗ್ಯ ಕ್ಷೇತ್ರದ ಕೌಶಲ ಮಂಡಳಿಯ ಪಠ್ಯಗಳಲ್ಲಿ ಆಸ್ಪತ್ರೆಯ ಜನರಲ್ ಡ್ಯೂಟಿ ಅಸಿಸ್ಟೆಂಟ್ ಮತ್ತು ಮನೆ ಆರೈಕೆಯ ಹೋಮ್ ಹೆಲ್ತ್ ಏಡ್ ಎರಡು ಬೇರೆ ಬೇರೆ ತರಬೇತಿಗಳು. 2021ರ ಜೂನ್‌ನಲ್ಲಿ ಕೋವಿಡ್ ಯೋಧರಿಗಾಗಿ ಕೇಂದ್ರ ಸರಕಾರ ಆರಂಭಿಸಿದ ಕಿರು ತರಬೇತಿಯ ಆರು ವಿಭಾಗಗಳಲ್ಲೂ ಮನೆ ಆರೈಕೆಗೆ ಪ್ರತ್ಯೇಕ ವಿಭಾಗವಿತ್ತು. ಅಂದರೆ ಇವೆರಡೂ ಒಂದೇ ಕೆಲಸವಲ್ಲ ಎಂಬುದನ್ನು ತರಬೇತಿ ರೂಪಿಸಿದವರೇ ಒಪ್ಪಿಕೊಂಡಿದ್ದಾರೆ. ಒಪ್ಪದಿರುವುದು ಬ್ಯೂರೋಗಳು ಮತ್ತು ಕೆಲಸಕ್ಕೆ ಕರೆಯುವ ಮನೆಯವರು ಮಾತ್ರ.

ವಾರ್ಡಿನಲ್ಲಿ ಕಲಿಯುವ ಪಾಠ

ಆಸ್ಪತ್ರೆಯ ದಿನ ಹ್ಯಾಂಡೋವರ್‌ನಿಂದ ಆರಂಭವಾಗುತ್ತದೆ. ಹೋಗುವ ಪಾಳಿಯವರು ಬರುವ ಪಾಳಿಯವರಿಗೆ ಪ್ರತಿಯೊಂದು ಬೆಡ್ಡಿನ ವಿಷಯ ಹೇಳಿಹೋಗುತ್ತಾರೆ. ಬಳಿಕ ಬಿಡುವೆಂಬುದಿಲ್ಲ. ಸ್ಪಂಜು ಸ್ನಾನ, ಬೆಡ್‌ಶೀಟು, ಎಕ್ಸ್‌ರೇಗೆ ಟ್ರಾಲಿ, ಕುಡಿದ ನೀರು ಮತ್ತು ಹೋದ ಮೂತ್ರದ ಲೆಕ್ಕ ಬರೆಯುವ ಚಾರ್ಟು. ಕನ್ನಡ ಮಾಧ್ಯಮದಲ್ಲಿ ಕಲಿತವರಿಗೆ ಈ ಇಂಗ್ಲಿಷ್ ಚಾರ್ಟು ಮೊದಲ ವಾರ ಹೆದರಿಕೆ ಹುಟ್ಟಿಸುತ್ತದೆ. ತಿಂಗಳೊಳಗೆ ಕೈ ಹಿಡಿಯುತ್ತದೆ.

ಒಬ್ಬ ಸಹಾಯಕಿಗೆ ಹತ್ತಾರು ರೋಗಿಗಳು ಇರುವುದುಂಟು. ಎಲ್ಲರೂ "ಮಾವ್ಶಿ, ಮಾವ್ಶಿ" ಎಂದು ಒಟ್ಟಿಗೇ ಕರೆಯುತ್ತಾರೆ. ಕಾಲು ಸೋಲುತ್ತದೆ. ಮೇಲಿನವರ ಗದರಿಕೆಯೂ ಇದೆ. ಆದರೆ ಅಲ್ಲಿರುವ ದೊಡ್ಡ ಧೈರ್ಯವೆಂದರೆ ಕೂಗಿದರೆ ಬರುವವರಿದ್ದಾರೆ. ಭಾರದ ರೋಗಿಯನ್ನು ಎತ್ತಲು ಇನ್ನೊಂದು ಜೊತೆ ಕೈ ಸಿಗುತ್ತದೆ. ರೋಗಿಯ ತುಟಿ ನೀಲಿಗಟ್ಟಿದರೆ ನರ್ಸ್ ಹತ್ತು ಹೆಜ್ಜೆಯ ದೂರದಲ್ಲಿದ್ದಾಳೆ. ಯಾವ ಬೆವರು ಬರೀ ಸೆಕೆಯ ಬೆವರು, ಯಾವುದು ಸಕ್ಕರೆ ಇಳಿದ ಬೆವರು ಎಂಬುದನ್ನು ಪುಸ್ತಕ ಕಲಿಸುವುದಿಲ್ಲ. ನೂರು ರೋಗಿಗಳನ್ನು ನೋಡಿದ ಕಣ್ಣು ಕಲಿಯುತ್ತದೆ.

ಸುರಕ್ಷೆಯ ವ್ಯವಸ್ಥೆಯೂ ಅಲ್ಲಿದೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ರಕ್ತ ತಾಗಿದ ಹತ್ತಿ, ಬ್ಯಾಂಡೇಜು ಹಳದಿ ಚೀಲಕ್ಕೆ, ಟ್ಯೂಬು-ಗ್ಲೌಸು ಕೆಂಪಿಗೆ, ಗಾಜು ನೀಲಿಗೆ, ಸೂಜಿ ಚುಚ್ಚಿ ಹೊರಬಾರದ ಬಿಳಿ ಡಬ್ಬಿಗೆ ಹೋಗಬೇಕು. ತ್ಯಾಜ್ಯ ಮುಟ್ಟುವ ಸಿಬ್ಬಂದಿಗೆ ಹೆಪಟೈಟಿಸ್-ಬಿ ಮತ್ತು ಧನುರ್ವಾಯು ಲಸಿಕೆ ಕೊಡಿಸುವುದು ಆಸ್ಪತ್ರೆಯ ಹೊಣೆ ಎಂದೂ ಅದೇ ನಿಯಮಗಳು ಹೇಳುತ್ತವೆ. ಸೂಜಿ ಚುಚ್ಚಿದರೆ ಯಾರಿಗೆ ಹೇಳಬೇಕು, ಯಾವ ರಕ್ತಪರೀಕ್ಷೆ ಆಗಬೇಕು ಎಂಬುದಕ್ಕೂ ಕ್ರಮವಿದೆ.

ಈ ಕೆಲಸದ ಬೆಲೆ ಏನೆಂದು ಮುಂಬಯಿಗೆ ತಿಳಿಸಿಕೊಡಲು ಬೇರೆ ಉದಾಹರಣೆ ಬೇಡ. ಉತ್ತರ ಕನ್ನಡದ ಹಳದೀಪುರದಿಂದ ಬಂದು ಪರೇಲ್‌ನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅರುಣಾ ಶಾನಭಾಗ್ 1973ರ ನವೆಂಬರ್‌ನಲ್ಲಿ ಅದೇ ಆಸ್ಪತ್ರೆಯ ನೌಕರನ ಅಮಾನುಷ ಹಲ್ಲೆಗೆ ಗುರಿಯಾದರು. ಅಲ್ಲಿಂದ 2015ರ ಮೇ 18ರಂದು ಕೊನೆಯುಸಿರೆಳೆಯುವವರೆಗೆ ಸುಮಾರು 42 ವರ್ಷಗಳ ಕಾಲ ಅವರನ್ನು ನೋಡಿಕೊಂಡದ್ದು ಅದೇ ಆಸ್ಪತ್ರೆಯ ನರ್ಸ್‌ಗಳು ಮತ್ತು ಸಿಬ್ಬಂದಿ. 2011ರ ಮಾರ್ಚ್‌ನಲ್ಲಿ ದಯಾಮರಣದ ಅರ್ಜಿಯ ತೀರ್ಪು ನೀಡಿದ ಸುಪ್ರೀಂ ಕೋರ್ಟ್, ಅಷ್ಟು ವರ್ಷ ಹಾಸಿಗೆ ಹಿಡಿದಿದ್ದರೂ ಅವರ ಮೈಯಲ್ಲಿ ಒಂದೇ ಒಂದು ಹಾಸಿಗೆ ಹುಣ್ಣು ಆಗದಂತೆ ನೋಡಿಕೊಂಡ ಸಿಬ್ಬಂದಿಯನ್ನು ಕೊಂಡಾಡಿತು. ಹೊತ್ತು ಹೊತ್ತಿಗೆ ಮಗ್ಗುಲು ಬದಲಿಸುವ ಕೈಗಳು ಇಷ್ಟನ್ನು ಸಾಧಿಸಬಲ್ಲವು. ಇದೇ ಮಹಾನಗರದಲ್ಲಿ ಅದೇ ಕೈಗಳನ್ನು ಕಸ ಗುಡಿಸುವವರೆಂದು ಕಾಣುವವರೂ ಇದ್ದಾರೆ.

ಮನೆಯ ಪೇಶಂಟು: ಒಬ್ಬರಿಗೆ ಒಬ್ಬರು

ಮನೆಯ ಕೆಲಸದ ಸೊಗಸು ಬೇರೆ. ಒಬ್ಬರೇ ರೋಗಿ. ಅವರ ಊಟದ ಹದ, ನಿದ್ದೆಯ ಹೊತ್ತು, ಸಿಟ್ಟಿನ ಕಾರಣ ಎಲ್ಲವೂ ವಾರದಲ್ಲಿ ಗೊತ್ತಾಗುತ್ತದೆ. ಓಡಾಟ ಕಡಿಮೆ. ಒಳ್ಳೆಯ ಮನೆಯಾದರೆ ಬಟ್ಟಲಿಗೆ ಅನ್ನ, ಮನಸ್ಸಿಗೆ ನೆಮ್ಮದಿ ಎರಡೂ ಸಿಗುತ್ತವೆ.

ಕನ್ನಡಿಗರ ಮಟ್ಟಿಗೆ ಇನ್ನೊಂದು ವಿಶೇಷವಿದೆ. ಐವತ್ತು-ಅರುವತ್ತು ವರ್ಷ ಹಿಂದೆ ಊರು ಬಿಟ್ಟು ಬಂದವರು ಈಗ ಮುದುಕರಾಗಿದ್ದಾರೆ. ಮಕ್ಕಳು ಪುಣೆಯಲ್ಲೋ ವಿದೇಶದಲ್ಲೋ ಇದ್ದಾರೆ. ಮರೆವಿನ ಕಾಯಿಲೆ ಬಂದಾಗ ಅನೇಕರಲ್ಲಿ ನಂತರ ಕಲಿತ ಭಾಷೆ ಮೊದಲು ಜಾರಿ ತಾಯ್ನುಡಿ ಕೊನೆಗೆ ಉಳಿಯುತ್ತದೆ. ಜೀವಮಾನವೆಲ್ಲ ಮರಾಠಿ, ಹಿಂದಿಯಲ್ಲಿ ವ್ಯವಹರಿಸಿದ ಹಿರಿಯರು ಕೊನೆಗಾಲದಲ್ಲಿ ನೀರು ಕೇಳುವುದು ಕನ್ನಡದಲ್ಲಿ ಅಥವಾ ತುಳುವಿನಲ್ಲಿ. ನೋಡಿಕೊಳ್ಳುವವಳಿಗೆ ಆ ಮಾತು ತಿಳಿಯದಿದ್ದರೆ ಅದು ಹಠವೆಂದು ಕಾಣುತ್ತದೆ.

ಡೊಂಬಿವಲಿಯ ಗೃಹಿಣಿಗೆ ತರಬೇತಿ ಕೇಂದ್ರದಲ್ಲಿ ಪರಿಚಯವಾದ ಹಿರಿಯ ಗೆಳತಿಯೊಬ್ಬರಿದ್ದಾರೆ. ವಿಜಯಪುರ ಜಿಲ್ಲೆಯಿಂದ ಬಂದು ಭಾಂಡೂಪ್‌ನಲ್ಲಿ ನೆಲೆಸಿದವರು, ವಯಸ್ಸು ನಲವತ್ತಾರು. ನಾಲ್ಕು ವರ್ಷ ಆಸ್ಪತ್ರೆಯಲ್ಲಿ ದುಡಿದು, ಪ್ರಮಾಣಪತ್ರ ಇರಲಿ ಎಂದು ನಂತರ ತರಬೇತಿಗೆ ಸೇರಿದವರು. ಮಕ್ಕಳಿಬ್ಬರೂ ಕೆಲಸಕ್ಕೆ ಹತ್ತಿದ ಮೇಲೆ ಮನೆಯ ಆರೈಕೆಗೆ ಬಂದರು. ಈಗ ಅವರು ನೋಡಿಕೊಳ್ಳುತ್ತಿರುವುದು ಕುಂದಾಪುರ ಮೂಲದ ಎಂಬತ್ತೆರಡರ ಅಜ್ಜಿಯನ್ನು. ಬೆಳಗಾದರೆ ಅಜ್ಜಿ, "ಎಂತ ಮಾರಾಯ್ತಿ, ಕಾಪಿ ಆಯ್ತಾ?" ಎನ್ನುತ್ತಾರೆ. "ಆತ್ರೀ ಅಜ್ಜೀ, ತಂದ್ನಿರಿ" ಎಂಬ ಉತ್ತರ ಅಡುಗೆಮನೆಯಿಂದ ಬರುತ್ತದೆ. ಹಿಂದೆ ಇದ್ದವರ ಕೈಯಲ್ಲಿ ತುತ್ತು ತಿನ್ನಲು ಹಟ ಮಾಡುತ್ತಿದ್ದ ಅಜ್ಜಿ ಈಗ ಮಾತನಾಡುತ್ತಾ ಉಣ್ಣುತ್ತಾರೆ.

ರಾತ್ರಿ ಮೂರು ಗಂಟೆ

ಇದೇ ಅಜ್ಜಿಯ ಮನೆಯಲ್ಲಿ ಒಂದು ರಾತ್ರಿ ನಡೆದುದು ಈ ಕೆಲಸದ ಇನ್ನೊಂದು ಮುಖವನ್ನು ತೋರಿಸುತ್ತದೆ. ಮಗ-ಸೊಸೆ ಮದುವೆಗೆಂದು ಊರಿಗೆ ಹೋಗಿದ್ದರು. ಅಜ್ಜಿಗೆ ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್. ಸೊಸೆ ಇಲ್ಲದ ದಿನಗಳಿಗೆ ಚುಚ್ಚುಮದ್ದು ಕೊಡಲು ನರ್ಸ್ ಒಬ್ಬರನ್ನು ಗೊತ್ತು ಮಾಡಿದ್ದರು. ಆ ಸಂಜೆ ನರ್ಸ್ ಬಂದು ಇಂಜೆಕ್ಷನ್ ಕೊಟ್ಟುಹೋದರು. ಅಜ್ಜಿ ರಾತ್ರಿ ಎರಡು ತುತ್ತು ಉಂಡು ಸಾಕೆಂದರು.

ಮೂರು ಗಂಟೆಗೆ ಅಜ್ಜಿ ಏನೇನೋ ಬಡಬಡಿಸತೊಡಗಿದರು. ಮುಟ್ಟಿ ನೋಡಿದರೆ ಮೈಯೆಲ್ಲ ತಣ್ಣನೆಯ ಬೆವರು, ಕೈ ನಡುಗುತ್ತಿತ್ತು. ವಾರ್ಡಿನಲ್ಲಿ ನೋಡಿದ ನೆನಪಿನಿಂದ ಆಕೆ ಕೂಡಲೇ ಗ್ಲುಕೋಮೀಟರ್ ಹಿಡಿದರು. 70ಕ್ಕಿಂತ ಕೆಳಗಿಳಿದರೆ ಕಡಿಮೆ ಎನ್ನುತ್ತಾರೆ. ಅಲ್ಲಿ ತೋರಿಸಿದ್ದು 50ರ ಆಸುಪಾಸು. ಮಗನ ಫೋನ್ ಹತ್ತಲಿಲ್ಲ. ಬ್ಯೂರೋದ ಫೋನ್ ರಿಂಗಾಗಿ ರಿಂಗಾಗಿ ನಿಂತಿತು. ಅಜ್ಜಿಗೆ ಎಚ್ಚರವಿತ್ತು, ನುಂಗಲು ಆಗುತ್ತಿತ್ತು. ಆದ್ದರಿಂದ ಎತ್ತಿ ಕೂರಿಸಿ, ಮೂರು ಚಮಚ ಸಕ್ಕರೆ ಕದಡಿದ ನೀರನ್ನು ಗುಟುಕು ಗುಟುಕಾಗಿ ಕುಡಿಸಿದರು. 108ಕ್ಕೆ ಕರೆ ಮಾಡಿದರು. ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿದಾಗ ಸಕ್ಕರೆ ಏರತೊಡಗಿತ್ತು. ಆಂಬುಲೆನ್ಸ್ ಬರುವಷ್ಟರಲ್ಲಿ ಅಜ್ಜಿ, "ಎಂತ ಗಲಾಟೆ ನಿಮ್ದು?" ಎಂದು ಕೇಳುತ್ತಿದ್ದರು.

ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕುವಂತಿರಲಿಲ್ಲ. ಉಸಿರುನಾಳಕ್ಕೆ ಹೋಗಿ ಅದೇ ಪ್ರಾಣಕ್ಕೆ ಎರವಾಗುತ್ತಿತ್ತು. ಈ ವ್ಯತ್ಯಾಸ ಆಕೆಗೆ ಗೊತ್ತಿತ್ತು. ನಾಲ್ಕು ವರ್ಷ ವಾರ್ಡಿನಲ್ಲಿ ಕಳೆದುದರ ಫಲ ಅದು. ಮೊನ್ನೆ ತಾನೆ ಪ್ರಮಾಣಪತ್ರ ಪಡೆದವಳು ಆ ಜಾಗದಲ್ಲಿ ಇದ್ದಿದ್ದರೆ? ಆಕೆಯೇ ತನ್ನ ಕಿರಿಯ ಗೆಳತಿಗೆ ಹೇಳಿದ್ದು ಇಷ್ಟೇ: "ನಿನಗ ಮನೀ ಪೇಶಂಟ್ ಬ್ಯಾಡ ಅನ್ನಂಗಿಲ್ಲವಾ. ಈಗ ಬ್ಯಾಡ."

ಊರಿನಿಂದ ಮರಳಿದ ಮಗ ಮೊದಲು ಮಾಡಿದ ಕೆಲಸ, ವೈದ್ಯರು, ಸಮೀಪದ ಆಸ್ಪತ್ರೆ ಮತ್ತು ಇಬ್ಬರು ನೆರೆಯವರ ನಂಬರುಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದು. ಎಷ್ಟೋ ಮನೆಗಳಲ್ಲಿ ಈ ಒಂದು ಹಾಳೆಯೂ ಇರುವುದಿಲ್ಲ.

ಮನೆಗಳಲ್ಲಿ ಇನ್ನೂ ಕೆಲವು ಕಷ್ಟಗಳಿವೆ. ಆಸ್ಪತ್ರೆಯ ಮಂಚವನ್ನು ಸೊಂಟದ ಎತ್ತರಕ್ಕೆ ಏರಿಸಬಹುದು; ಮನೆಯ ದಿವಾನ ಮೊಣಕಾಲಿನ ಎತ್ತರ. ಎಂಬತ್ತು ಕಿಲೋ ಭಾರದವರನ್ನು ಒಬ್ಬಳೇ ಬಾಗಿ ತಿರುಗಿಸಿ ತಿರುಗಿಸಿ ವರ್ಷದೊಳಗೆ ಬೆನ್ನು ಹೋಗುತ್ತದೆ. "ಇಂಜೆಕ್ಷನ್ ಒಂದು ಕೊಟ್ಟುಬಿಡಿ ಸಿಸ್ಟರ್, ಅದೇನು ದೊಡ್ಡದು" ಎಂಬ ಒತ್ತಾಯ ಬರುತ್ತದೆ; ಹೆಚ್ಚು ಕಡಿಮೆಯಾದರೆ ದೂರು ಬರುವುದು ಆಕೆಯ ಮೇಲೆ. ರೋಗಿಯ ಆರೈಕೆಗೆಂದು ಕರೆದು ಪಾತ್ರೆ, ಬಟ್ಟೆ, ಮನೆಮಂದಿಯ ಚಪಾತಿ ಎಲ್ಲವನ್ನೂ ಮೆಲ್ಲಗೆ ಸೇರಿಸುವುದುಂಟು. ಮನೆಯಲ್ಲಿ ಏನಾದರೂ ಕಾಣೆಯಾದರೆ ಮೊದಲ ಸಂಶಯವೂ ಆಕೆಯ ಮೇಲೆಯೇ.

ಲೆಕ್ಕ ದಿನದ್ದಲ್ಲ, ವರ್ಷದ್ದು

ಸಂಬಳದ ಮಾತಿಗೆ ಬರೋಣ. ಉದಾಹರಣೆಗಾಗಿ ಬ್ಯೂರೋ ದಿನಕ್ಕೆ 700 ರೂ. ಕೊಡುತ್ತದೆ ಎಂದಿಟ್ಟುಕೊಳ್ಳೋಣ. ತಿಂಗಳಿಗೆ 21,000 ರೂ. ಎಂದು ಬಾಯಿಲೆಕ್ಕ ಹೇಳುತ್ತಾರೆ. ಆದರೆ ರಜೆ ಮಾಡಿದ ದಿನಕ್ಕೆ ಹಣವಿಲ್ಲ. ರೋಗಿ ಗುಣವಾದರೆ, ಆಸ್ಪತ್ರೆಗೆ ಸೇರಿದರೆ ಅಥವಾ ತೀರಿಕೊಂಡರೆ ಮರುದಿನದಿಂದ ಕೆಲಸವಿಲ್ಲ. ಮುಂದಿನ ಮನೆ ಸಿಗುವವರೆಗೆ ಕಾಯಬೇಕು. ವರ್ಷದಲ್ಲಿ ಹೀಗೆ 75 ದಿನ ಖಾಲಿ, ಉಳಿದ ತಿಂಗಳುಗಳಲ್ಲಿ ವಾರದ ರಜೆ ಸೇರಿ 40 ದಿನ ಎಂದರೆ ದುಡಿದದ್ದು 250 ದಿನ. ಕೈಗೆ ಬಂದದ್ದು 1,75,000 ರೂ.

ಆಸ್ಪತ್ರೆಯ ಸಂಬಳ ತಿಂಗಳಿಗೆ 15,000 ರೂ. ಎಂದಿಟ್ಟುಕೊಳ್ಳಿ. ಶೇ. 12ರಂತೆ ಪಿಎಫ್‌ಗೆ 1,800, ಶೇ. 0.75ರಂತೆ ಇಎಸ್‌ಐಗೆ ಸುಮಾರು 113 ರೂ. ಕಡಿತವಾಗಿ ಕೈಗೆ 13,087. ವರ್ಷಕ್ಕೆ ಸುಮಾರು 1,57,000. ನೋಡಲು ಕಡಿಮೆಯೇ. ಆದರೆ ಆಕೆಯ ಪಿಎಫ್ ಹಣ 21,600, ಮಾಲಕರು ಕಟ್ಟುವ ಅಷ್ಟೇ ಮೊತ್ತ ಸೇರಿಸಿದರೆ ಎರಡು ಲಕ್ಷ ದಾಟುತ್ತದೆ. ಮಾಲಕರ ಪಾಲಿನ ಒಂದು ಭಾಗ ಪಿಂಚಣಿ ನಿಧಿಗೆ ಹೋಗುತ್ತದೆ. ಹತ್ತು ವರ್ಷ ಸೇವೆ ಪೂರೈಸಿದವರಿಗೆ 58ರ ಬಳಿಕ ಪಿಂಚಣಿಯ ಹಕ್ಕು. ಇಎಸ್‌ಐ ಇದ್ದರೆ ಇಡೀ ಕುಟುಂಬಕ್ಕೆ ಚಿಕಿತ್ಸೆ, ನಿಯಮಗಳಿಗೆ ಒಳಪಟ್ಟು ಕಾಯಿಲೆ ಬಿದ್ದಾಗ ವರ್ಷಕ್ಕೆ 91 ದಿನದವರೆಗೆ ಶೇ. 70ರಷ್ಟು ವೇತನ ಸಿಗುತ್ತದೆ. 2017ರಲ್ಲಿ ನಿಗದಿಯಾದ ಇಎಸ್‌ಐ ವೇತನ ಮಿತಿ 21,000 ರೂ.

ಗಂಟೆಯ ಲೆಕ್ಕ ಹಾಕಿದರೆ ಇನ್ನೂ ಸ್ಪಷ್ಟ. ಮನೆಯಲ್ಲಿ ಹನ್ನೆರಡು ಗಂಟೆಯಂತೆ 250 ದಿನವೆಂದರೆ 3,000 ಗಂಟೆ. ಗಂಟೆಗೆ 58 ರೂ. ಆಸ್ಪತ್ರೆಯಲ್ಲಿ ಎಂಟು ಗಂಟೆಯಂತೆ 313 ದಿನವೆಂದರೆ ಸುಮಾರು 2,500 ಗಂಟೆ. ಕೈಗೆ ಬಂದ ಹಣವೊಂದನ್ನೇ ಹಿಡಿದರೂ ಗಂಟೆಗೆ 62 ರೂ.ಗಿಂತ ಹೆಚ್ಚು. ಅಂಕಿಗಳು ಅವರವರ ಜಾಗಕ್ಕೆ ತಕ್ಕಂತೆ ಬದಲಾಗಬಹುದು, ಲೆಕ್ಕ ಹಾಕುವ ಕ್ರಮ ಬದಲಾಗದು.

ಹಾಗೆಂದು ಆಸ್ಪತ್ರೆಯ ಬೋರ್ಡು ಕಂಡೊಡನೆ ನಂಬಬಾರದು. ಬೋರ್ಡು ಆಸ್ಪತ್ರೆಯದು, ಸಂಬಳ ಗುತ್ತಿಗೆದಾರನದು ಎಂಬ ಕಡೆಗಳು ಇವೆ. ಪಿಎಫ್ ಕಡಿತ ಮಾಡಿಯೂ ಖಾತೆಗೆ ಕಟ್ಟದಿರುವುದುಂಟು. ಮೊದಲ ತಿಂಗಳಲ್ಲೇ ಯುಎಎನ್ ನಂಬರು ಪಡೆದು ಮೊಬೈಲಿನಲ್ಲಿ ಪಾಸ್‌ಬುಕ್ ನೋಡಿಕೊಳ್ಳಬೇಕು. ಎಂಟು ಗಂಟೆಯ ಪಾಳಿಯೋ ಹನ್ನೆರಡು ಗಂಟೆಯದೋ ಎಂಬುದನ್ನೂ ಮೊದಲೇ ಕೇಳಬೇಕು.

ಲೋಕಲ್ ಟ್ರೈನಿನ ಮಾತೂ ಇದೆ. ಡೊಂಬಿವಲಿ, ಕಲ್ಯಾಣ್, ವಸಾಯಿ, ವಿರಾರ್‌ಗಳಿಂದ ಹೊರಟವರಿಗೆ ಹನ್ನೆರಡು ಗಂಟೆಯ ಡ್ಯೂಟಿ ಎಂದರೆ ಮನೆ ಬಿಟ್ಟು ಮನೆ ಸೇರಲು ಹದಿನೈದು ಗಂಟೆ. ರವಿವಾರದ ಮೆಗಾ ಬ್ಲಾಕ್ ಇದ್ದರೆ ಇನ್ನೂ ಹೆಚ್ಚು. ಶಾಲೆಗೆ ಹೋಗುವ ಮಕ್ಕಳಿರುವ ತಾಯಿಗೆ ಇದೂ ಸಣ್ಣ ಸಂಗತಿಯಲ್ಲ.

ಕಾನೂನಿನ ಆಸರೆ

ಒಂಟಿಯಾಗಿ ಪರರ ಮನೆಯಲ್ಲಿ ದುಡಿಯುವ ಹೆಣ್ಣಿಗೆ ಕಾನೂನಿನ ಆಸರೆ ಇಲ್ಲವೆಂದು ತಿಳಿಯಬೇಕಾಗಿಲ್ಲ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನು ವಾಸದ ಮನೆಯನ್ನೂ ಕೆಲಸದ ಸ್ಥಳವೆಂದೇ ಪರಿಗಣಿಸುತ್ತದೆ. ಹತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಯಲ್ಲಿ ಆಂತರಿಕ ಸಮಿತಿ ಇರಬೇಕು. ಮನೆಗಳಲ್ಲಿ ದುಡಿಯುವವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಪಿಎಫ್, ಇಎಸ್‌ಐ ಇಲ್ಲದ ಅಸಂಘಟಿತ ಕಾರ್ಮಿಕರು 16ರಿಂದ 59 ವರ್ಷದೊಳಗಿನವರಾದರೆ 2021ರ ಆಗಸ್ಟ್‌ನಲ್ಲಿ ಆರಂಭವಾದ ಇ-ಶ್ರಮ್‌ನಲ್ಲಿ ಹೆಸರು ನೋಂದಾಯಿಸಿ ಕಾರ್ಡು ಪಡೆಯಬಹುದು.

ಮನೆಯಲ್ಲಿ ಬಳಸಿದ ಸೂಜಿ ಚುಚ್ಚಿದರೆ ಅಲ್ಲೇ ಹಿಸುಕುತ್ತಾ ಕೂರದೆ ಸೋಪು ಮತ್ತು ಹರಿಯುವ ನೀರಿನಲ್ಲಿ ತೊಳೆದು ಕೂಡಲೇ ಸರಕಾರಿ ಅಥವಾ ಮಹಾನಗರ ಪಾಲಿಕೆಯ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ಎಚ್‌ಐವಿ ತಡೆಯುವ ಔಷಧಿಯನ್ನು ಎಷ್ಟು ಬೇಗ ಆರಂಭಿಸಿದರೆ ಅಷ್ಟು ಒಳ್ಳೆಯದು. 72 ಗಂಟೆ ದಾಟಿದರೆ ಪ್ರಯೋಜನವಿಲ್ಲ. ಮನೆ ಆರೈಕೆಗೆ ಹೊರಡುವ ಮೊದಲೇ ಹೆಪಟೈಟಿಸ್-ಬಿ ಲಸಿಕೆಯ ಮೂರು ಡೋಸ್ ಮುಗಿಸಿರುವುದು ಲೇಸು.

ಒಪ್ಪಿಕೊಳ್ಳುವ ಮೊದಲು ಕೇಳಬೇಕಾದ ಮಾತು

ಮನೆಯ ಪೇಶಂಟು ಒಪ್ಪಿಕೊಳ್ಳುವವರು ಬ್ಯೂರೋದವರಲ್ಲಿ ಕೆಲವು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬೇಕು. ರೋಗಿಯ ಕಾಯಿಲೆ ಏನು, ತೂಕ ಎಷ್ಟು, ನಳಿಕೆ ಅಥವಾ ಆಮ್ಲಜನಕ ಇದೆಯೇ? ಇಂಜೆಕ್ಷನ್ ಯಾರು ಕೊಡುತ್ತಾರೆ? ಮನೆಯವರು ಕೊಡುವ ಹಣದಲ್ಲಿ ಬ್ಯೂರೋದ ಪಾಲೆಷ್ಟು? ಮೊದಲ ತಿಂಗಳ ಹಣ ಹಿಡಿದಿಟ್ಟುಕೊಳ್ಳುತ್ತಾರೆಯೇ? ವಾರದ ರಜೆ ಯಾವತ್ತು, ಆ ದಿನ ಬದಲಿ ಯಾರು? ರಾತ್ರಿ ಪಾಳಿಯಲ್ಲಿ ಮಲಗಲು, ಬಟ್ಟೆ ಬದಲಿಸಲು ಜಾಗವಿದೆಯೇ? ರಾತ್ರಿ ಮೂರು ಗಂಟೆಗೆ ಕರೆದರೆ ಫೋನ್ ಎತ್ತುವವರು ಯಾರು? ಕೊನೆಯ ಪ್ರಶ್ನೆಗೆ ಹೆಸರು ಮತ್ತು ನಂಬರು ಸಿಗದಿದ್ದರೆ ಆ ಕೆಲಸ ಬೇಡವೆನ್ನುವುದೇ ಜಾಣತನ.

ಸಹಾಯಕಿಯನ್ನು ಕರೆಸಿಕೊಳ್ಳುವ ಮನೆಯವರಿಗೂ ಇದೇ ಅನ್ವಯ. ಕೆಲಸಗಳ ಪಟ್ಟಿ ಬರವಣಿಗೆಯಲ್ಲಿರಲಿ. ಮೊದಲ ದಿನವೇ ಚಿನ್ನ, ನಗದು ಕಪಾಟಿನಲ್ಲಿಟ್ಟು ಬೀಗ ಹಾಕಿಕೊಂಡರೆ ಮುಂದೆ ಯಾರನ್ನೂ ಶಂಕಿಸಬೇಕಾಗಿಲ್ಲ. ನಳಿಕೆಯಲ್ಲಿ ಆಹಾರ ಕೊಡುವ ರೋಗಿಯಾದರೆ ತಲೆದೆಸೆ ಎತ್ತರಿಸಿಯೇ ಕೊಡಬೇಕು, ಕೊಟ್ಟ ಮೇಲೂ ಅರ್ಧ-ಒಂದು ಗಂಟೆ ಹಾಗೆಯೇ ಇರಿಸಬೇಕು ಎಂಬಂಥ ಸೂಚನೆಗಳನ್ನು ವೈದ್ಯರಿಂದಲೇ ಆಕೆಗೆ ಹೇಳಿಸಬೇಕು. ಕಡಿಮೆ ಹಣಕ್ಕೆ ಸಿಕ್ಕಳೆಂದು ತರಬೇತಿಯೇ ಇಲ್ಲದವಳ ಕೈಯಲ್ಲಿ ಹೆತ್ತವರನ್ನು ಒಪ್ಪಿಸಿ, ಆಮೇಲೆ ಹಾಸಿಗೆ ಹುಣ್ಣಿಗೆ ಆಸ್ಪತ್ರೆಯ ಬಿಲ್ಲು ಕಟ್ಟುವುದರಲ್ಲಿ ಅರ್ಥವಿಲ್ಲ.

ಸಂಘ ಸಂಸ್ಥೆಗಳು ಏನು ಮಾಡಬಹುದು?

ಮಹಾನಗರದ ಕನ್ನಡ ಸಂಘಗಳಲ್ಲಿ ಒಂದೇ ಸಭಾಗೃಹದೊಳಗೆ ಎರಡು ಅಗತ್ಯಗಳು ಅಕ್ಕಪಕ್ಕ ಕುಳಿತಿವೆ. ಒಂದು ಸಾಲಿನಲ್ಲಿ ಕೆಲಸ ಬೇಕಾದ ಹೆಣ್ಣುಮಕ್ಕಳು, ಇನ್ನೊಂದು ಸಾಲಿನಲ್ಲಿ ಆರೈಕೆ ಬೇಕಾದ ಹಿರಿಯರು. ಇವರನ್ನು ಬೆಸೆಯಲು ದೊಡ್ಡ ನಿಧಿ ಬೇಕಿಲ್ಲ. ತರಬೇತಿ ಪಡೆದ ಕನ್ನಡ, ತುಳು ಬಲ್ಲ ಸಹಾಯಕಿಯರ ಒಂದು ಪಟ್ಟಿ, ಎರಡೂ ಕಡೆಯವರು ಸಹಿ ಹಾಕುವ ಒಂದು ಪುಟದ ಕರಾರುಪತ್ರ, ತೊಂದರೆಯಾದಾಗ ಕರೆ ಸ್ವೀಕರಿಸುವ ಮಹಿಳಾ ವಿಭಾಗದ ಒಬ್ಬ ಸದಸ್ಯೆ ಇದ್ದರೆ ಸಾಕು. ಸಂಘಗಳು ನಡೆಸುವ ವೈದ್ಯಕೀಯ ಶಿಬಿರಗಳಲ್ಲಿ ಸಹಾಯಕಿಯರಿಗೆ ಹೆಪಟೈಟಿಸ್-ಬಿ ಲಸಿಕೆ ಹಾಕಿಸಬಹುದು.

ವಿದ್ಯಾರ್ಥಿವೇತನ ವಿತರಿಸುವಾಗ ಇನ್ನೊಂದು ಮಾತು ಮಕ್ಕಳಿಗೆ ತಲುಪಬೇಕು. ಪಿಯುಸಿ ಮಟ್ಟದ ಹನ್ನೆರಡನೇ ತರಗತಿ ಪಾಸಾದ ಹುಡುಗಿಯರು ಬೇಗ ದುಡಿಮೆ ಸಿಗುತ್ತದೆಂದು ಆರು ತಿಂಗಳ ಕೋರ್ಸಿಗೆ ಸೇರುವ ಬದಲು ಎಎನ್‌ಎಂ ಅಥವಾ ಜಿಎನ್‌ಎಂಗೆ ಪ್ರಯತ್ನಿಸಬೇಕು. ಅದಕ್ಕೆ ವಯೋಮಿತಿ ಇದೆ. ಒಮ್ಮೆ ದಾಟಿದರೆ ಮತ್ತೆ ಆ ದಾರಿ ಸಿಗದು.

ಆಕೆಯ ತೀರ್ಮಾನ

ಡೊಂಬಿವಲಿಯ ಆ ತಾಯಿಗೆ ಆ ವಯಸ್ಸು ದಾಟಿದೆ. ವಾರವಿಡೀ ಯೋಚಿಸಿ, ಪತಿಯೊಂದಿಗೆ ಕುಳಿತು ಹಳೆಯ ನೋಟ್‌ಬುಕ್ಕಿನ ಹಿಂಬದಿಯಲ್ಲಿ ವರ್ಷದ ಲೆಕ್ಕ ಬರೆದು ನೋಡಿದ ಬಳಿಕ ಆಕೆ ಥಾಣೆಯ ಆಸ್ಪತ್ರೆಗೆ ಒಪ್ಪಿಗೆ ಕೊಟ್ಟಿದ್ದಾರೆ. ಸದ್ಯಕ್ಕೆ ಕೈಗೆ ಬರುವ ಹಣ ಕಡಿಮೆ. ಊರಿಗೆ ಕಳುಹಿಸುವ ಮೊತ್ತದಲ್ಲಿ ಕೆಲವು ತಿಂಗಳು ಕಡಿತ ಮಾಡಬೇಕಾದೀತು. ಅತ್ತೆಗೆ ಫೋನ್ ಮಾಡಿ ಅದನ್ನು ಹೇಳಿಯೂ ಆಗಿದೆ. ಎರಡು-ಮೂರು ವರ್ಷ ವಾರ್ಡಿನಲ್ಲಿ ಕಲಿತು, ಮಗಳ ಹನ್ನೆರಡನೇ ತರಗತಿ ಮುಗಿದ ಮೇಲೆ ಮನೆಯ ಆರೈಕೆಯ ವಿಷಯ ನೋಡಿಕೊಳ್ಳುವುದೆಂದು ಅವರ ಲೆಕ್ಕಾಚಾರ. ಮುಲುಂಡ್‌ನ ಆ ಹಿರಿಯರ ಮನೆಗೆ ವಾರ್ಡಿನಲ್ಲಿ ಪಳಗಿದ ಇನ್ನೊಬ್ಬ ಸಹಾಯಕಿ ಹೋಗುತ್ತಿದ್ದಾರೆ.

ಬರುವ ಒಂದನೇ ತಾರೀಕಿನಿಂದ ಬೆಳಗಿನ ಪಾಳಿ. ಏಳಕ್ಕೆ ವಾರ್ಡಿನಲ್ಲಿರಬೇಕಾದರೆ ಐದೂವರೆಗೆ ಮನೆ ಬಿಡಬೇಕು. ಬೆಳಗ್ಗೆ ತಾನೇ ಎದ್ದು ಚಹಾ ಮಾಡಿಕೊಂಡು ಡಬ್ಬಿ ಕಟ್ಟಿಕೊಳ್ಳುತ್ತೇನೆ, ಅಮ್ಮ ಅದರ ಚಿಂತೆ ಬಿಡಲಿ ಎಂದು ಮಗಳು ಹೇಳಿದ್ದಾಳೆ.